ಸುರಪುರದಲ್ಲಿ ಸಾಯದ ಅಣ್ಣ

ಈಚೆಗೆ ನೋಡಿದ ಸಿನಿಮಾಗಳ ಬಗ್ಗೆ ಸುಮ್ಮನೆ ಎರಡು ಮಾತು ಬರೆಯೋಣ ಅಂತ ಕೂತಿದ್ದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ಮೊದಲನೆಯದು ಪೊಲೀಸ್ ಕಥೆ. ಅರ್ಧದವರೆಗೆ ಚೆನ್ನಾಗೇ ಇತ್ತು, ಕೊನೆಗೆ ಹೀರೋಗೆ ಎಲ್ಲ ಮೊದಲೇ ಗೊತ್ತಿತ್ತು ಅಂದುಬಿಟ್ಟರು. ಗೊತ್ತಿದ್ದವನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಯಾಕಿದ್ದ? ಎರಡನೆಯದು ಹಳ್ಳಿಯ ಸಿನಿಮಾ. ಅದರಲ್ಲಿ ನಾಟಿ ಮಾಡಿ ಗದ್ದೆಯಿಂದ ಮನೆಗೆ ಬಂದ ಹೆಂಗಸಿನ ಕಾಲಿಗೆ ಚೂರೂ ಕೆಸರಿರಲಿಲ್ಲ. ಅಲ್ಲಿಗೆ ಅವಳ ಬಾಯಿಂದ ಬಂದ ಯಾವ ಮಾತನ್ನೂ ನಾನು ನಂಬಲಿಲ್ಲ. ಇನ್ನೊಂದನ್ನು ನೋಡಿ ಊರಿಗೆ ಊರೇ ಅತ್ತಿತಂತೆ. ನನಗೆ ಅಳು ಬರಲಿಲ್ಲ, ಅತ್ತೆವು ಅಂದವರ ಮೇಲೇ ಅನುಮಾನ ಬಂತು. ಇಷ್ಟು ಟೈಪ್ ಮಾಡಿ ಗೆಳತಿಗೆ ಕಳಿಸಿದರೆ ಅವಳು ಕೇಳಿದಳು, "ಭಾಗ್ಯಾ, ನೀ ಸಿನಿಮಾ ನೋಡ್ತಿಯೋ, ತನಿಖಿ ಮಾಡ್ತಿಯೋ?" ಸಿನಿಮಾ ನೋಡುವುದನ್ನು ನನಗೆ ಯಾರೂ ಕಲಿಸಿಲ್ಲ, ನಾನೇ ನೋಡಿ ನೋಡಿ ಕಲಿತದ್ದು. ಆದರೆ ತನಿಖೆ ಮಾಡುವುದು ಮಾತ್ರ ನಮ್ಮ ಮನೆಯಿಂದ ಬಂದದ್ದು. ಅದನ್ನೇ ಹೇಳುತ್ತೇನೆ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಊರು. ನಾನು ಹುಟ್ಟುವ ಹೊತ್ತಿಗಾಗಲೇ ಕಾಲುವೆಗೆ ನೀರು ಬಂದಿತ್ತು. ಅಪ್ಪನಿಗೆ ಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸ. ಯಾವ ಹೊಲಕ್ಕೆ ಯಾವಾಗ ನೀರು ಬಿಡಬೇಕು ಅಂತ ಮೇಲಿನವರು ಹೇಳುತ್ತಿದ್ದರು. ಅಪ್ಪ ಗೇಟು ಇಳಿಸಿ ಬರುತ್ತಿದ್ದ, ಅಪ್ಪ ಈ ಕಡೆ ಬಂದಮೇಲೆ ಆ ಕಡೆ ಯಾರೋ ಎತ್ತಿ ನೀರು ಕದಿಯುತ್ತಿದ್ದರು. ಬೆಳಗಾದರೆ ಕಾಲುವೆಯ ಕೊನೆಯ ಹೊಲದವರು ನಮ್ಮ ಕಟ್ಟೆಯ ಮೇಲೆ ಬಂದು ಕೂತು ಬೈಯುತ್ತಿದ್ದರು. ಹೀಗಾಗಿ ಅಪ್ಪನಿಗೆ ಒಂದು ಅಭ್ಯಾಸ ಬಂದಿತ್ತು. ಮನೆಗೆ ಯಾರೇ ಬರಲಿ, ಮೊದಲು ಅವರ ಕಾಲು ನೋಡುತ್ತಿದ್ದ, ಆಮೇಲೆ ಮುಖ. ಒಣಗಿದ ಕೆಸರು ಕಂಡರೆ ಸಾಕು, ಚಹಾ ಕೊಡುವ ಮೊದಲೇ ವಿಚಾರಣೆ ಶುರು. ಆಯಿ, ಅಂದರೆ ಅಪ್ಪನ ಅವ್ವ, ಇದರಲ್ಲಿ ಅಪ್ಪನಿಗೂ ದೊಡ್ಡವಳು. ಕಾಲುವೆ ಬಂದಮೇಲೆ ನಮ್ಮಲ್ಲಿ ದಿನಾಲೂ ಅನ್ನ ಮಾಡುವುದು ಶುರುವಾಗಿತ್ತು, ಆಯಿಗೆ ಆ ಅನ್ನದ ಮೇಲೂ ನಂಬಿಕೆ ಇರಲಿಲ್ಲ. ಹಬ್ಬಕ್ಕೆ ಉಣ್ಣುವುದನ್ನು ದಿನಾ ಉಂಡರೆ ಹೊಟ್ಟೆ ಮೋಸ ಹೋಗುತ್ತದೆ ಅನ್ನುತ್ತಿದ್ದಳು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಹೊಟ್ಟೆ ಗಟ್ಟಿ ಮಾಡಿಕೊಂಡಮೇಲೇ ಅನ್ನದ ಗಂಗಾಳಕ್ಕೆ ಕೈ. ಅವ್ವ ಹಾಲಿನವಳ ಕಣ್ಣೆದುರೇ ಹಾಲಿನಲ್ಲಿ ಬೆರಳು ಅದ್ದಿ ನೋಡುತ್ತಿದ್ದಳು. ಇಂಥ ಮನೆಗೆ ಸಿನಿಮಾ ಬಂದರೆ ಅದರ ಗತಿ ಏನಾಗಬೇಕು, ನೀವೇ ಹೇಳಿ.

ನಮ್ಮ ಮನೆಯಲ್ಲಿ ಸಿನಿಮಾಕ್ಕೆ ಹೋಗಬೇಡಿ ಅನ್ನುತ್ತಿರಲಿಲ್ಲ. ಆದರೆ ನೋಡಿ ಬಂದವರು ಶನಿವಾರ ಸಂಜೆ ಊಟದ ಹೊತ್ತಿಗೆ ಪಡಸಾಲೆಯಲ್ಲಿ ಎಲ್ಲರ ಮುಂದೆ ಕಥೆಯನ್ನು ಪೂರ್ತಿ ಹೇಳಬೇಕು. ಅದು ಆಯಿ ಹಾಕಿದ ಪದ್ಧತಿ. ಅವಳು ಒಮ್ಮೆಯೂ ಥಿಯೇಟರಿನೊಳಗೆ ಕಾಲಿಟ್ಟವಳಲ್ಲ. ಕಂಬಕ್ಕೆ ಬೆನ್ನು ಕೊಟ್ಟು, ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡು, ಕೊನೆಗೆ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಅಂತ ಫೈಸಲಾ ಕೊಡುತ್ತಿದ್ದಳು. ಹೇಳುವವರು ಇಬ್ಬರು. ಒಬ್ಬ ಶರಣು ಕಾಕಾ, ಅಪ್ಪನ ತಮ್ಮ, ಶಹಾಪುರದಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಕೆಲಸ. ಅವನು ಕಥೆ ಹೇಳುವುದಲ್ಲ, ಆಡಿಯೇ ತೋರಿಸುತ್ತಿದ್ದ. ಫೈಟಿನಲ್ಲಿ ಒಮ್ಮೆ ಅವ್ವನ ಸಾರಿನ ಬೋಗುಣಿಯನ್ನೇ ಒದ್ದಿದ್ದ. ಇನ್ನೊಬ್ಬಳು ಮಾದೇವತ್ತಿ, ಮನೆಗೆಲ್ಲ ಕಿರಿಯಳು, ಅಪ್ಪ ಕಾಕಾ ಇಬ್ಬರಿಗೂ ತಂಗಿ. ಸುರಪುರಕ್ಕೆ ದಿನಾ ಬಸ್ಸಿನಲ್ಲಿ ಟೀಚರ್ ಟ್ರೇನಿಂಗಿಗೆ ಹೋಗುತ್ತಿದ್ದಳು. ಅತ್ತಿ ಕೂತಲ್ಲಿಂದ ಏಳದೆ, ದನಿ ಏರಿಸದೆ ಹೇಳುತ್ತಿದ್ದಳು. ನಾಯಕಿಯ ಮನೆಯ ಗೋಡೆಗೆ ಯಾವ ಬಣ್ಣ, ಬಾಗಿಲಿನ ಪರದೆ ಎಲ್ಲಿ ಹರಿದಿತ್ತು, ಎಲ್ಲ ಬರುತ್ತಿತ್ತು. ಅತ್ತಿ ಹೇಳುವಾಗ ಆಯಿ ಅಗಿಯುವುದನ್ನು ನಿಲ್ಲಿಸುತ್ತಿದ್ದಳು. ಆದರೆ ಪ್ರಶ್ನೆ ಮಾತ್ರ ಇಬ್ಬರಿಗೂ ಒಂದೇ ತರಹ.

"ಒಂದ ಹಾಡಿನ್ಯಾಗ ಅಷ್ಟು ಸೀರಿ ಉಡ್ತಾಳ ಅಂತಿ. ಮನಿ ಮಂದಿ ಎಲ್ಲಿಂದ ತಂದಿ ಅಂತ ಕೇಳಂಗಿಲ್ಲೇನು ಅಕಿಗಿ?"

"ಯವ್ವಾ, ಅದು ಸಿನಿಮಾ ಬೇ," ಅನ್ನುತ್ತಿದ್ದ ಕಾಕಾ.

"ಸಿನಿಮಾ ಆದ್ರೇನು, ಮನಿ ಮನೀನ ಅಲ್ಲೇನು? ನಾ ಆಗಿದ್ರ ಕೇಳತಿದ್ದೆ."

ಇಷ್ಟೆಲ್ಲ ನಗುತ್ತಾ ನಡೆಯುತ್ತಿತ್ತು. ಕೆಟ್ಟದ್ದು ಅಣ್ಣ-ತಂಗಿಯ ಸಿನಿಮಾದಿಂದ. ಅದು ಶಹಾಪುರ, ಸುರಪುರ ಎರಡೂ ಕಡೆ ಒಟ್ಟಿಗೆ ಬಂದಿತ್ತು. ಕಾಕಾ ಶುಕ್ರವಾರ ಅಂಗಡಿ ಮುಗಿಸಿ ಶಹಾಪುರದಲ್ಲಿ ನೋಡಿ ಬಂದು, ಶನಿವಾರದ ಊಟಕ್ಕಾಗಿ ಬಾಯಿ ಬಿಗಿಹಿಡಿದು ಕೂತಿದ್ದ. ಅತ್ತಿಗೆ ಶನಿವಾರ ಅರ್ಧ ದಿನ ಕ್ಲಾಸು, ಮಧ್ಯಾಹ್ನ ಸುರಪುರದಲ್ಲಿ ನೋಡಿ ಸಂಜೆಯ ಬಸ್ಸಿಗೆ ಬಂದಳು. ಅಂದು ಅತ್ತಿಯೇ ಮೊದಲು ಶುರು ಮಾಡಿದಳು. ತಂದೆತಾಯಿ ಇಲ್ಲದ ಮನೆ, ಅಣ್ಣ ಹಮಾಲಿ ಮಾಡಿ ತಂಗಿಯನ್ನು ಸಾಕುತ್ತಾನೆ, ಊರ ಗೌಡನ ಮಗನಿಗೂ ಅವನಿಗೂ ದ್ವೇಷ. ಮನೆಯ ಹಸಿರು ಗೋಡೆ, ಬಾಗಿಲಿನ ಹರಿದ ಪರದೆ, ಅಣ್ಣ ಹೆಣೆದ ಜಡೆಯ ರಿಬ್ಬನ್ನು, ಒಂದನ್ನೂ ಬಿಡಲಿಲ್ಲ. ಆಯಿಯ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತ್ತು. ಅತ್ತಿ ಕೊನೆಗೆ ಬಂದಳು.

"ಕಡೀಕ ತಂಗೀದು ಲಗ್ನ ಆಗ್ತದ. ಅಣ್ಣ ಚಪ್ಪರದ ಕಂಬಕ್ಕ ಆತು ನಿಂತು ಅಕ್ಕಿಕಾಳು ಹಾಕ್ತಾನ. ನಗ್ತಾನ. ಅಷ್ಟ, ಮುಗೀತು."

ಕಾಕಾ ನೀರಿನ ತಂಬಿಗೆ ಕೆಳಗಿಟ್ಟ.

"ಯಾವ ಅಣ್ಣ?"

"ಎಷ್ಟ ಮಂದಿ ಅಣ್ಣ ಅದಾರ ಅದರಾಗ? ಅವನ, ಹೀರೋ."

"ಸತ್ತವ ಅಕ್ಕಿಕಾಳು ಹೆಂಗ ಹಾಕ್ತಾನ?"

"ಯಾರು ಸತ್ತಾರ, ಸಣ್ಣಣ್ಣಾ?"

"ಅಣ್ಣ ಸತ್ತಾನ! ಲಗ್ನದ ಹಿಂದಿನ ದಿನ ಹಳ್ಳದ ದಂಡೀಗಿ ಚಾಕು ಹಾಕ್ತಾರ. ತಂಗಿ ತೊಡಿ ಮ್ಯಾಲ ತಲಿ ಇಟ್ಟು ಜೀವಾ ಬಿಡ್ತಾನ. ನಾ ಅತ್ತೀನಿ, ನನ್ನ ಬಾಜೂ ಕುಂತವ ಅತ್ತಾನ. ಇಡೀ ಶಹಾಪುರ ಅತ್ತದ!"

"ಸುರಪುರದಾಗ ಯಾರೂ ಅತ್ತಿಲ್ಲ. ಅವ ಸಾಯಂಗಿಲ್ಲ."

ಮೊದಲು ನಾವೆಲ್ಲ ನಕ್ಕೆವು. ಅವ್ವ ಅಡುಗೆಮನೆಯಿಂದ, "ಒಬ್ಬರು ಕೊಂದ್ರ ಒಬ್ಬರು ಬದುಕಿಸ್ತೀರಿ, ಚಲೋ ಆತು" ಅಂದಳು. ಆಮೇಲೆ ಕಾಕಾ ಒಂದು ಮಾತು ಅಂದ. ತಮಾಷೆಗೇ ಅಂದಿರಬೇಕು. "ನೀ ಸಿನಿಮಾ ನೋಡೇ ಇಲ್ಲ ಬಿಡು. ಯಾರಿಂದೋ ಅರ್ಧ ಕೇಳಿ ಬಂದು ಹೇಳಾಕತ್ತಿ." ನಗು ನಿಂತಿತು. ಅಪ್ಪ ಊಟದಿಂದ ತಲೆ ಎತ್ತಿ ಅತ್ತಿಯ ಕಾಲು ನೋಡಿದ. ನನಗೆ ಚೆನ್ನಾಗಿ ನೆನಪಿದೆ, ಕಾಲನ್ನೇ ನೋಡಿದ್ದು. ಸುರಪುರದ ಧೂಳಿನ ಹೊರತು ಅಲ್ಲಿ ಏನೂ ಇರಲಿಲ್ಲ, ಅತ್ತಿ ಆ ಧೂಳನ್ನೂ ಸೀರೆಯೊಳಗೆ ಎಳೆದುಕೊಂಡಳು.

"ನೋಡಿಲ್ಲಂದ್ರ, ಮಧ್ಯಾಹ್ನದಿಂದ ಸಂಜಿ ತನಕ ಎಲ್ಲಿದ್ದಿ?"

"ಸಿನಿಮಾದಾಗ, ಅಣ್ಣಾ."

"ಯಾರ ಜೋಡಿ ಹೋಗಿದ್ದಿ?"

ಕ್ಲಾಸಿನ ಹುಡುಗಿಯರ ಹೆಸರು ಹೇಳುತ್ತಾಳೆ ಅಂತ ನಾವೆಲ್ಲ ಕಾದೆವು. ಅತ್ತಿ ಗಂಗಾಳದಲ್ಲಿದ್ದ ಅನ್ನವನ್ನು ಬೆರಳಿನಿಂದ ಒಂದು ಕಡೆ ಸರಿಸಿದಳು, ಮತ್ತೆ ಇನ್ನೊಂದು ಕಡೆ ಸರಿಸಿದಳು. ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪ ಕೈ ತೊಳೆದುಕೊಂಡು ಎದ್ದ.

"ಸೋಮವಾರದಿಂದ ಸುರಪುರಕ್ಕ ಹೋಗೂದು ಬ್ಯಾಡ. ಬಳಿಚಕ್ರದವರು ಕೇಳಾಕತ್ತಾರ, ಹೂಂ ಅಂತ ಹೇಳಿ ಕಳಸ್ತೀನಿ."

ಬಳಿಚಕ್ರದವರು ಅಂದರೆ ಅತ್ತಿಯನ್ನು ಸೊಸೆ ಮಾಡಿಕೊಳ್ಳಲು ಕೇಳಿದ್ದ ಮನೆ. ಒಳ್ಳೆಯ ಜನವೇ, ಆದರೆ ಮಾಸ್ತರಿಕೆ ಮಾಡುವ ಸೊಸೆ ಬೇಡ ಅಂತ ಮೊದಲೇ ಹೇಳಿದ್ದರು. ಟ್ರೇನಿಂಗ್ ಮುಗಿಯಲಿ ಅಂತ ಅಪ್ಪನೇ ಅವರನ್ನು ತಡೆದು ನಿಲ್ಲಿಸಿದ್ದ. ಅತ್ತಿ ಅಳಲಿಲ್ಲ. ಎದ್ದು ನಡುಮನೆಗೆ ಹೋಗಿ, ಸೋಮವಾರದ ಪಾಠಕ್ಕೆ ಬರೆಯುತ್ತಿದ್ದ ಚಾರ್ಟನ್ನು ನೆಲಕ್ಕೆ ಹಾಸಿ, ಬೋನಾಳದ ಕೆರೆಗೆ ಬರುವ ಹಕ್ಕಿಗಳಿಗೆ ಬಣ್ಣ ತುಂಬತೊಡಗಿದಳು. ಹೋಗಬೇಡ ಅಂದಮೇಲೆ ಚಾರ್ಟು ಯಾರಿಗೆ? ನಾನು ಹೋಗಿ ಪಕ್ಕದಲ್ಲಿ ಕೂತೆ. ನಾನೂ ಆ ಮನೆಯ ಕೂಸೇ ಅಲ್ಲವೇ, ಕೇಳಿಬಿಟ್ಟೆ.

"ಅತ್ತಿ, ಅವ ಖರೇನ ಸಾಯಂಗಿಲ್ಲೇನು?"

ಅತ್ತಿ ಕುಂಚ ಎತ್ತಿ ನನ್ನನ್ನು ನೋಡಿದಳು.

"ನೀನೂನಾ, ಭಾಗೂ?"

ಆ ಹೊತ್ತಿಗೆ ಹೊರಗೆ ಪಡಸಾಲೆಯಲ್ಲಿ ಮಾತು ಮುಂದುವರಿದಿತ್ತು. ಸುರಪುರದಲ್ಲಿ ಆ ಸಿನಿಮಾ ನೋಡಿದವರು ನಮ್ಮೂರಲ್ಲೂ ಇರಬಹುದು, ಕೇಳಿದರೆ ಆಯಿತಲ್ಲ ಅಂದ ಕಾಕಾ. ಅವನಿಗೂ ತಾನು ಎಳೆದ ದಾರ ಎಲ್ಲೆಲ್ಲಿಗೋ ಹೋಯಿತು ಅಂತ ಕಸಿವಿಸಿಯಾಗಿತ್ತು. ಆಯಿ ಬೇಡ ಅಂದಳು. "ಮಂದೀಗಿ ಕೇಳಿದ್ರ, ಯಾಕ ಕೇಳಾಕತ್ತಾರ ಇವರು ಅಂತ ಮಂದಿ ಕೇಳ್ತಾರ. ನಾಳಿ ನಾನ ಹೋಗಿ ನೋಡ್ತೀನಿ." ಥಿಯೇಟರನ್ನೇ ನೋಡದ ಆಯಿ ಹಾಗಂದದ್ದು ಕೇಳಿ ಅಪ್ಪನೂ ಬೆರಗಾದ. ಆದರೆ ಆಯಿಗೆ ಇದು ಸಿನಿಮಾ ನೋಡುವ ಮಾತಾಗಿರಲಿಲ್ಲ, ಕಾಲುವೆಯ ಗೇಟಿನ ಹತ್ತಿರ ಹೆಜ್ಜೆ ಗುರುತು ನೋಡಿ ಬರುವ ಹಾಗೆ ನೋಡಿ ಬರುವುದು.

ಭಾನುವಾರ ಆಯಿ, ಅಪ್ಪ, ನಾನು ಬಸ್ಸು ಹತ್ತಿದೆವು. ಥಿಯೇಟರಿನಲ್ಲಿ ಹೆಂಗಸರು ಕೂರುವ ಕಡೆ ಆಯಿಯ ಜೊತೆಗೆ ಒಬ್ಬರು ಬೇಕಲ್ಲ ಅಂತ ನನ್ನನ್ನು ಕರೆದುಕೊಂಡಿದ್ದು. ಆಯಿ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ಟಾಕೀಸಿನಲ್ಲಿ ಲೈಟು ಆರಿದಾಗ ನನ್ನ ಮುಂಗೈ ಹಿಡಿದ ಹಿಡಿತಕ್ಕೆ ಬಳೆ ಒತ್ತಿ ಗೆರೆ ಮೂಡಿತು. "ದೀಪ ಯಾಕ ತೆಗದ್ರು? ಏನೋ ಅದ ಇವರದು." ಸಿನಿಮಾ ಶುರುವಾಯಿತು, ಆಯಿಯ ವಿಚಾರಣೆಯೂ ಶುರುವಾಯಿತು. ಈ ಹಮಾಲಿ ಮಾಡುವವನ ಅಂಗಿ ಇಷ್ಟು ಬೆಳ್ಳಗೆ ಹೇಗೆ? ಪೇಟೆಗೆ ಹೋದ ತಂಗಿ ಕೈಚೀಲ ಎಲ್ಲಿ ಬಿಟ್ಟಳು? ಮುಂದಿನ ಸಾಲಿನ ಹೆಂಗಸು ತಿರುಗಿ, "ಯಮ್ಮಾ, ನಮಗರ ಕೇಳಸ್ಲಿ, ಸುಮ್ನ ಕುಂದ್ರಬೇ" ಅಂದಳು. ಆಯಿ ಅವಳ ಮೇಲೂ ಅನುಮಾನದ ಕಣ್ಣು ಹಾಕಿದಳು. ಆದರೆ ಅತ್ತಿ ಹೇಳಿದ್ದೆಲ್ಲ ಒಂದೊಂದಾಗಿ ಪರದೆಯ ಮೇಲೆ ಬರತೊಡಗಿತು. ಹಸಿರು ಗೋಡೆ ಬಂತು. ಒಂದು ಮಗ್ಗುಲು ಹರಿದ ಬಾಗಿಲ ಪರದೆ ಬಂತು. ಅಣ್ಣ ತಂಗಿಗೆ ಜಡೆ ಹೆಣೆಯಲು ಹೋಗಿ ಗಂಟು ಹಾಕಿದ್ದು ಬಂತು. ಯಾವಾಗಲೋ ಆಯಿ ನನ್ನ ಕೈ ಬಿಟ್ಟಿದ್ದಳು. ತಿರುಗಿ ನೋಡಿದರೆ ಕತ್ತಲಲ್ಲಿ ಅವಳ ಬಾಯಿ ಸ್ವಲ್ಪ ತೆರೆದಿತ್ತು, ರೊಟ್ಟಿಯ ಗಂಟು ಹಾಗೇ ತೊಡೆಯ ಮೇಲಿತ್ತು, ನಾನು ಪಕ್ಕದಲ್ಲಿರುವುದೇ ಅವಳಿಗೆ ಮರೆತಂತಿತ್ತು. ಕೊನೆಗೆ ಗೌಡನ ಮಗ ಹಲ್ಲು ಕಡಿದ. ಅದರ ಬೆನ್ನಿಗೇ ಮಂಗಳವಾದ್ಯ, ಚಪ್ಪರ, ಲಗ್ನ. ಅಣ್ಣ ಕಂಬಕ್ಕೆ ಆತು ನಿಂತು ಅಕ್ಕಿಕಾಳು ಹಾಕಿದ. ನಕ್ಕ. ಲೈಟು ಹತ್ತಿತು.

ಅವನು ಸಾಯಲಿಲ್ಲ. ಹಳ್ಳವೂ ಬರಲಿಲ್ಲ, ಚಾಕೂ ಬರಲಿಲ್ಲ. ಅಪ್ಪ ಗಂಡಸರ ಕಡೆಯಿಂದ ಬಂದು ಬಾಗಿಲ ಹತ್ತಿರ ನಿಂತಿದ್ದ, ಮುಖದಲ್ಲಿ ಸಮಾಧಾನವೂ ಇತ್ತು, ಇನ್ನೊಂದು ಅನುಮಾನವೂ ಇತ್ತು. ಟಿಕೆಟ್ ಹರಿಯುವವನನ್ನು ಪಕ್ಕಕ್ಕೆ ಕರೆದ.

"ಶಹಾಪುರದಾಗ ಹೀರೋ ಸಾಯ್ತಾನಂತಲ್ಲೋ. ಇಲ್ಲಿ ಸಾಯಂಗಿಲ್ಲೇನು?"

"ಮೊದಲ್ನೇ ದಿನ ಇಲ್ಲೂ ಸತ್ತಿದ್ದ ರೀ. ಅವನ ಅಭಿಮಾನಿ ಹುಡುಗ್ರು ಕುರ್ಚಿ ಮುರದ್ರು, ಪರದಿಗಿ ಚಪ್ಪಲಿ ಒಗದ್ರು. ಮರುದಿನ ನಮ್ಮ ಸಾಹುಕಾರ್ರು, ನಮ್ಮ ಟಾಕೀಸಿನ್ಯಾಗ ಅವ ಸಾಯೂದ ಬ್ಯಾಡ ಅಂದ್ರು. ಅದೊಂದು ರೀಲು ಡಬ್ಬ್ಯಾಗ ಇಟ್ಟೀವಿ."

"ಮತ್ತ ಲಗ್ನದಾಗ ಬಂದು ನಗೂದು?"

"ಅದು ತಂಗಿ ಕಣ್ಣಿಗಿ ಕಾಣೂದು ರೀ, ಅವ ಸತ್ತ ಮ್ಯಾಲ. ಈಗ ಸಾಯೂದ ತಗದೀವಲ್ಲ, ಖರೇನ ಬಂದಂಗ ಕಾಣ್ತಾನ. ಮಂದಿ ಖುಷ್ ಆಗಿ ಹೋಗಾಕತ್ತಾರ."

ಬಸ್ಸಿನಲ್ಲಿ ಆಯಿ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಅತ್ತಿ ಪಾರಾದಳು ಅಂತ ನನಗೆ ಕುಣಿಯಬೇಕೆನಿಸುತ್ತಿತ್ತು. ನಮ್ಮ ಊರಿನ ಕಾಲುವೆಯ ಸೇತುವೆ ದಾಟುವಾಗ ಆಯಿ ಬಾಯಿ ಬಿಟ್ಟಳು.

"ನೋಡ್ಯಾಳ, ಖರೆ. ಆದ್ರ ಯಾರ ಜೋಡಿ ನೋಡ್ಯಾಳ?"

ಮನೆಯಲ್ಲಿ ಎಲ್ಲರೂ ಪಡಸಾಲೆಯಲ್ಲೇ ಕಾದಿದ್ದರು. ಅಪ್ಪ ಚಪ್ಪಲಿ ಬಿಡುತ್ತಲೇ, ಸುರಪುರದಲ್ಲಿ ಅವನು ಸಾಯುವುದಿಲ್ಲ ಅಂತ ತೀರ್ಪು ಹೇಳುವವನ ಹಾಗೆ ಹೇಳಿದ, ರೀಲಿನ ಕಥೆಯನ್ನೂ ಹೇಳಿದ. ಕಾಕಾ ಹಣೆ ಹಣೆ ಬಡಿದುಕೊಂಡ.

"ಅಲ್ಲಲೇ ಶರಣ್ಯಾ," ಅಪ್ಪ ಅವನ ಕಡೆ ತಿರುಗಿದ, "ಸತ್ತ ಮ್ಯಾಲ ಲಗ್ನದಾಗ ಕಾಣತಾನಂತ. ಅದ್ಯಾಕ ನೀ ಹೇಳಲಿಲ್ಲ?"

"ಹೀರೋ ಸತ್ತ ಮ್ಯಾಲ ಏನದ ಅಣ್ಣಾ ನೋಡೂದು? ಬಸ್ ತಪ್ಪತದ ಅಂತ ಎದ್ದು ಬಂದೆ."

"ಅಂದ್ರ ಪೂರಾ ನೋಡದಾಂವ ನೀನು!" ಅವ್ವ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅತ್ತಿಗೆ ಮಾತ್ರ ನಗು ಬರಲಿಲ್ಲ. ಅವಳು ಆಯಿಯನ್ನೇ ನೋಡುತ್ತಿದ್ದಳು, ಮುಂದಿನ ಪ್ರಶ್ನೆ ಯಾವುದು ಅಂತ ಅವಳಿಗೆ ಗೊತ್ತಿತ್ತು. ಆಯಿ ಕಂಬಕ್ಕೆ ಬೆನ್ನು ಕೊಟ್ಟು ಕೂತಳು.

"ಯಾರ ಜೋಡಿ ಹೋಗಿದ್ದಿ, ಮಾದೇವಿ?"

"ಒಬ್ಬಾಕೀನ."

"ಒಬ್ಬಾಕಿ?" ಅಪ್ಪನ ದನಿ ಮತ್ತೆ ಏರಿತು. "ಹೆಣ್ಣುಮಕ್ಕಳು ಒಬ್ಬಾಕಿ ಸಿನಿಮಾಕ ಹೋಗ್ತಾರೇನು? ಯಾರು ನಂಬ್ತಾರ ಇದನ್ನ?"

"ಅದಕ್ಕ ನಿನ್ನಿ ಹೇಳಲಿಲ್ಲ. ಯಾರರ ಜೋಡಿ ಅಂತ ಸುಳ್ಳು ಹೇಳಿದ್ರ ನಂಬತಿದ್ರಿ. ಈ ಮನ್ಯಾಗ ತಿಂದಿದ್ದಕ್ಕ, ನೋಡಿದ್ದಕ್ಕ, ನಕ್ಕಿದ್ದಕ್ಕ, ಎಲ್ಲಾದಕ್ಕೂ ಜವಾಬು ಕೊಡಬೇಕು. ಯಾರೂ ಏನೂ ಕೇಳಲಾರದ ಜಾಗಾದಾಗ ಒಂದೀಟು ಹೊತ್ತು ಕುಂದ್ರಬೇಕು ಅನಸ್ತು, ಕುಂತೆ. ಈಗ ಬಳಿಚಕ್ರಕ್ಕ ಹೇಳಿ ಕಳಸೂದಿದ್ರ ಕಳಸು, ಅಣ್ಣಾ. ಒಬ್ಬಾಕಿ ಹೋಗಿದ್ದೆ ಅಂತನೂ ಹೇಳಿ ಕಳಸು."

ಒಬ್ಬಳೇ ಹೋಗುವುದು ನಮ್ಮಲ್ಲಿ ಯಾರ ಜೊತೆಗೋ ಹೋಗುವುದಕ್ಕಿಂತ ದೊಡ್ಡ ಮಾತು. ಯಾರ ಜೊತೆಗೋ ಹೋದವಳನ್ನು ಬೈಯಲು ಎಲ್ಲರಿಗೂ ಗೊತ್ತಿತ್ತು, ಒಬ್ಬಳೇ ಹೋದವಳನ್ನು ಏನಂತ ಬೈಯಬೇಕು? ಅಪ್ಪ ಆಯಿಯ ಕಡೆ ನೋಡಿದ. ಆಯಿ ಬಹಳ ಹೊತ್ತು ಅತ್ತಿಯ ಮುಖವನ್ನು ನೋಡಿದಳು, ರೊಟ್ಟಿ ಬೆಂದಿದೆಯೋ ಇಲ್ಲವೋ ಅಂತ ನೋಡುವ ಹಾಗೆ.

"ಅಕಿ ಒಬ್ಬಾಕೀನ ಹೋಗಿದ್ದು ಖರೆ, ಯಪ್ಪಾ."

"ನಿನಗ ಹೆಂಗ ಗೊತ್ತಾತು, ಯವ್ವಾ?"

"ಬಾಗಲ ಪರದಿ ಎಲ್ಲಿ ಹರದಿತ್ತು ಅಂತ ಅಂದಿದ್ಲು, ಅಲ್ಲೇ ಹರದಿತ್ತು. ಜಡಿಗಿ ಯಾವ ಬಣ್ಣದ ರಿಬ್ಬನ್ನು, ಅದೂ ಬರೋಬ್ಬರಿ. ಮನಸಿಗಿ ಬೇಕಾದವರು ಆ ಕಡಿ ಗಂಡಸರಾಗ ಕುಂತಿದ್ರ, ಪರದಿ ಎಲ್ಲಿ ಹರದದ ಅಂತ ಯಾರು ನೋಡ್ತಾರ? ಸೋಮವಾರ ಹೋಗ್ಲಿ ಅಕಿ."

ಇದಕ್ಕಿಂತ ದೊಡ್ಡ ಅನುಮಾನದ ಮಾತನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಅದೇ ಮಾತು ಅತ್ತಿಯನ್ನು ಉಳಿಸಿತು. ಅಪ್ಪ ಕೆಮ್ಮಿದ, ಹೊರಗೆ ಹೋಗಿ ಬಂದ, ಬಸ್ಸು ಎಷ್ಟೊತ್ತಿಗೆ ಅಂತ ತನಗೆ ಗೊತ್ತಿದ್ದ ವಿಷಯವನ್ನೇ ಅತ್ತಿಗೆ ಕೇಳಿದ. ಸೋಮವಾರ ಬೆಳಿಗ್ಗೆ ಅತ್ತಿ ಹಕ್ಕಿಯ ಚಾರ್ಟನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದಳು. ಬಳಿಚಕ್ರಕ್ಕೆ ಯಾರೂ ಏನೂ ಹೇಳಿ ಕಳಿಸಲಿಲ್ಲ.

ಮುಂದಿನ ಶನಿವಾರ ಸಂಜೆ ಎಲ್ಲ ಮೊದಲಿನ ಹಾಗೇ ಕೂತೆವು. ಅತ್ತಿ ಆವತ್ತೂ ತಡವಾಗಿ ಬಂದಿದ್ದಳು, ಸಿನಿಮಾಕ್ಕೆ ಹೋಗಿದ್ದೆ ಅಂತ ತಾನಾಗಿಯೇ ಹೇಳಿ ಕೈಕಾಲು ತೊಳೆದು ಬಂದು ಗಂಗಾಳದ ಮುಂದೆ ಕೂತಳು. ಆಯಿ ರೊಟ್ಟಿ ಮುರಿದು, ಅಗಿಯದೆ ಕಾದಳು.

"ಹೆಂಗಿತ್ತು?"

"ಚಲೋ ಇತ್ತು."

"ಕಥಿ ಏನು?"

"ಕಥಿ ನಾ ಹೇಳಂಗಿಲ್ಲ ಬೇ. ಬೇಕಾದವರು ಹೋಗಿ ನೋಡ್ರಿ."

ಕಾಕಾ ನನ್ನನ್ನು ನೋಡಿದ, ನಾನು ಅವ್ವನನ್ನು ನೋಡಿದೆ, ಅವ್ವ ಅಪ್ಪನನ್ನು ನೋಡಿದಳು. ಅಪ್ಪ ಪುಂಡಿಪಲ್ಯಕ್ಕೆ ಉಪ್ಪು ಸಾಲದು ಅಂದ. ಆಯಿ ಇನ್ನಷ್ಟು ಹೊತ್ತು ಅತ್ತಿಯನ್ನೇ ನೋಡುತ್ತಿದ್ದು, ಆಮೇಲೆ ಮೆಲ್ಲಗೆ ಅಗಿಯತೊಡಗಿದಳು. ಕೇಳಿದ ಪ್ರಶ್ನೆಗೆ ಉತ್ತರ ಸಿಗದೆಯೂ ನಮ್ಮ ಮನೆಯಲ್ಲಿ ಊಟ ಮುಗಿದದ್ದು ಅದೇ ಮೊದಲು.